ಗ್ರೂಪಿನ್ಯಾಗ ನಟಿಯ ಖಾಸಗಿ ಫೋಟೋ ಬಂದಾವ, ಅಡ್ಮಿನ್ ಏನ್ ಮಾಡ್ಬೇಕ್ರೀ?

ಮುಧೋಳ_ಕಬ್ಬು:
ನಮಸ್ಕಾರ್ರೀ. ಕಬ್ಬು ಬೆಳೆಗಾರರ ವಾಟ್ಸಾಪ್ ಗ್ರೂಪು, 380 ಮಂದಿ, ಅಡ್ಮಿನ್ ನಾ ಒಬ್ಬನೇ. ಕಟಾವು ಪಾಳಿ ಯಾರ್ದು, ಗ್ಯಾಂಗ್ ಎಲ್ಲೈತಿ, ಬಿಲ್ಲು ಜಮಾ ಆತೋ ಇಲ್ಲೋ, ಇಷ್ಟೇ ಅಲ್ಲಿ ಮಾತು. ನಿನ್ನೆ ರಾತ್ರಿ ಒಬ್ಬಾಂವ ಸಿನಿಮಾ ನಟೀವು ಅಂತ ಖಾಸಗಿ ಫೋಟೋ ಮೂರು ಒಗದಾನ. ಮ್ಯಾಲ ಎರಡು ಬಾಣದ ಗುರುತು ಐತಿ. ಬೆಳಗಾಗೂದ್ರಾಗ ನಗು ಇಮೋಜಿ ನಲವತ್ತು, "ವಿಡಿಯೋ ಲಿಂಕ್ ಐತೇನ್ರೀ?", "ಪಬ್ಲಿಸಿಟಿಗೆ ಆಕೀನೇ ಬಿಟ್ಟಿರ್ತಾಳ", "ಎಐ ಐತಿ ಇದು, ಬೆರಳ ನೋಡ್ರಿ". ಗ್ರೂಪಿನ್ಯಾಗ ಹೆಣ್ಮಕ್ಕಳೂ ಅದಾರ. ಅಸಲಿ ಏನು ನಕಲಿ ಏನು ಅಂತ ಹ್ಯಾಂಗ ತಿಳ್ಕೊಳ್ಳೂದು? ಡಿಲೀಟ್ ಮಾಡಿದ್ರ ಸಾಕೇನು? ಕೇಸ್ ಆದ್ರ ಅಡ್ಮಿನ್ ಮ್ಯಾಲ ಬರ್ತೈತೇನು?

ಗುಮ್ಮಟ_ಮೊಬೈಲ್ (ವಿಜಯಪುರ):
ಎರಡನೇ ಪ್ರಶ್ನಿ ಮೊದಲ ತಗೋಳೂಣು, ಅದಕ್ಕ ಟೈಮ್ ಕಮ್ಮಿ ಅದ. ಒಂದರ ಹಿಂದ ಒಂದು ಮಾಡ್ರಿ, ಹಿಂದ ಮುಂದ ಮಾಡಬ್ಯಾಡ್ರಿ.

ಮೊದಲ ಗ್ರೂಪ್ ಸೆಟ್ಟಿಂಗ್ಸಿನ್ಯಾಗ ಮೆಸೇಜ್ ಕಳಸೂದು ಅಡ್ಮಿನ್‌ಗೆ ಮಾತ್ರ ಅಂತ ಮಾಡ್ರಿ. ಇಲ್ಲಂದ್ರ ನೀವು ಅಳಸೂದ್ರಾಗ ಇನ್ನೊಬ್ಬಾಂವ ಮತ್ತ ಹಾಕ್ತಾನ. ಆಮ್ಯಾಲ 'ಎಕ್ಸ್‌ಪೋರ್ಟ್ ಚಾಟ್', ಅದರಾಗ 'ವಿತೌಟ್ ಮೀಡಿಯಾ' ಒತ್ರಿ. ಯಾರು ಎಷ್ಟು ಗಂಟೆಗೆ ಹಾಕ್ಯಾರ ಅನ್ನೂದು ಟೆಕ್ಸ್ಟ್ ಫೈಲಿನ್ಯಾಗ ಉಳೀತದ, ಫೋಟೋ ಬರಂಗಿಲ್ಲ. ನಂಬರ್ ನಿಮ್ಮ ಫೋನಿನ್ಯಾಗ ಸೇವ್ ಇದ್ರ ಫೈಲಿನ್ಯಾಗ ಬರೇ ಹೆಸರು ಕಾಣಸ್ತದ, ನಂಬರ್ ಬ್ಯಾರೆ ಬರ್ದಿಟ್ಕೊಳ್ರಿ. ಸ್ಕ್ರೀನ್‌ಶಾಟ್ ಹೊಡಿಬ್ಯಾಡ್ರಿ, ಪುರಾವೆ ಅಂತ ಹೇಳಿ ನೀವೇ ಇನ್ನೊಂದು ಕಾಪಿ ಮಾಡಿದಂಗ ಆಗ್ತದ. ಇದಾದ ಮ್ಯಾಲ ಫೋಟೋ ಒತ್ತಿ ಹಿಡದು ರಿಪೋರ್ಟ್ ಮಾಡ್ರಿ. ಕಡೀಕ 'ಡಿಲೀಟ್ ಫಾರ್ ಎವರಿವನ್'. ಬ್ಯಾರೆಯವರ ಮೆಸೇಜ್ ಅಳಸೂ ಸೌಲಭ್ಯ ಅಡ್ಮಿನ್‌ಗೆ 2022ರಿಂದ ಅದ. ಗಾಬರ್ಯಾಗಿ ಮೊದಲ ಅಳಿಸಿಬಿಟ್ರ ರಿಪೋರ್ಟ್ ಮಾಡ್ಲಿಕ್ಕೆ ಏನೂ ಉಳಿಯಂಗಿಲ್ಲ. ಬಹಳ ಅಡ್ಮಿನ್‌ಗಳು ಎಡವೂದು ಇಲ್ಲೇ.

ಅಳಿಸಿದ್ರ ಎಲ್ಲಾ ಹೋತು ಅನ್ಕೋಬ್ಯಾಡ್ರಿ. ಐಫೋನಿನ ಗ್ಯಾಲರಿಗೆ ಸೇವ್ ಆಗಿದ್ದು ಅಲ್ಲೇ ಇರ್ತದ. ಆಂಡ್ರಾಯ್ಡಿನ್ಯಾಗ ಗೂಗಲ್ ಫೋಟೋಸ್‌ಗೆ ಬ್ಯಾಕಪ್ ಆಗಿದ್ರ ಅಲ್ಲಿಂದ ಕೈಲೇ ತಗೀಬೇಕು. ತಗದ ಮ್ಯಾಲೂ ಬಿನ್ನಿನ್ಯಾಗ 60 ದಿನ ಕುಂತಿರ್ತದ, ಬಿನ್ ಖಾಲಿ ಮಾಡ್ರಿ ಅಂತ ಮೆಂಬರ್ಸ್‌ಗೆ ಹೇಳ್ರಿ. ಮುಂದಿನ ಸಲಕ್ಕ ಗ್ರೂಪ್ ಇನ್ಫೋದಾಗ 'ಅಡ್ವಾನ್ಸ್ಡ್ ಚಾಟ್ ಪ್ರೈವೆಸಿ' ಆನ್ ಮಾಡ್ರಿ, ಫೋಟೋ ತಾನಾಗೇ ಮಂದಿ ಫೋನಿಗೆ ಇಳಿಯೂದು ನಿಲ್ತದ. ಆದ್ರ ಅದು ಎಕ್ಸ್‌ಪೋರ್ಟನ್ನೂ ಬಂದ್ ಮಾಡ್ತದ. ಅದಕ್ಕೇ ಎಕ್ಸ್‌ಪೋರ್ಟ್ ಮೊದಲ ಅಂದದ್ದು.

ಎರಡು ಬಾಣ ಅಂದ್ರ ಕಮ್ಮಿ ಅಂದ್ರೂ ಐದು ಚಾಟ್ ದಾಟಿ ಬಂದದ್ದು. ಹಾಕಿದಾಂವ ಮೂಲ ಅಲ್ಲ, ಸಾಗಿಸಿದಾಂವ. ಹಂಗಂತ ಬಿಟ್ಟುಬಿಡೂದಲ್ಲ.

ಲಿಂಕ್ ಕೇಳಿದಾಂವಗ ಮಾತ್ರ ಇವತ್ತೇ ಫೋನ್ ಮಾಡ್ರಿ. "ಪೂರ್ತಿ ವಿಡಿಯೋ" ಅಂತ ಬರೂ ಲಿಂಕ್ ಒತ್ತಿದ್ರ ಭಾಳ ಸಲ ಇಳಿಯೂದು ವಿಡಿಯೋ ಅಲ್ಲ, ಎಪಿಕೆ ಫೈಲು, ಅಂದ್ರ ಆಂಡ್ರಾಯ್ಡ್ ಫೋನಿಗೆ ಆ್ಯಪ್ ಹಾಕೂ ಫೈಲು. ಇನ್‌ಸ್ಟಾಲ್ ಆಗೂಮುಂದ ಎಸ್ಸೆಮ್ಮೆಸ್ ಓದೂ ಪರ್ಮಿಷನ್ ಕೇಳ್ತದ. ಕೊಟ್ರ ಬ್ಯಾಂಕಿನ ಒಟಿಪಿ ಸೀದಾ ಅವರ ಕೈಗೆ. ಕಬ್ಬಿನ ಬಿಲ್ಲು ಜಮಾ ಆಗೂ ಖಾತೆ ಅದೇ ನಂಬರಿಗೆ ಜೋಡ್ಸಿರ್ತಾರ, ನೆನಪಿರ್ಲಿ. ಇನ್‌ಸ್ಟಾಲ್ ಮಾಡಿಬಿಟ್ಟಿದ್ರ ಆ ಫೋನಿನ ನೆಟ್ ಬಂದ್ ಮಾಡಿ, ಬ್ಯಾರೆ ಫೋನಿನಿಂದ ಬ್ಯಾಂಕಿಗೆ ಹೇಳಿ ಖಾತೆ ತಡಸ್ರಿ. ರೊಕ್ಕ ಹೋಗಿದ್ರ ತಡಾ ಮಾಡ್ದ ಸೈಬರ್ ಸಹಾಯವಾಣಿ 1930ಕ್ಕ ಫೋನ್ ಮಾಡ್ರಿ.

ಕ್ಯಾಂಪ್_ವಕೀಲ (ಬೆಳಗಾವಿ):
ಅಸಲಿಯೋ ನಕಲಿಯೋ ಅನ್ನೋದನ್ನ ಪೊಲೀಸರು ನೋಡ್ಕೊಳ್ತಾರೆ, ನೀವು ತಲೆ ಕೆಡಿಸ್ಕೋಬೇಡ್ರಿ. ತೆಗೆಸೋ ಮಟ್ಟಿಗೆ ಎರಡಕ್ಕೂ ಒಂದೇ ದಾರಿ. 2021ರ ಐಟಿ (ಮಾಹಿತಿ ತಂತ್ರಜ್ಞಾನ) ನಿಯಮ 3(2)(ಬಿ) ನಗ್ನ ಚಿತ್ರ, ಲೈಂಗಿಕ ಚಿತ್ರದ ಜೊತೆಗೇ ಕೃತಕವಾಗಿ ತಿದ್ದಿದ ಚಿತ್ರವನ್ನೂ ಸೇರಿಸಿದೆ. ಆಕೆ ಅಥವಾ ಆಕೆಯ ಪರವಾಗಿ ಯಾರಾದರೂ ದೂರು ಕೊಟ್ಟರೆ ಜಾಲತಾಣದ ಕಂಪನಿ 24 ಗಂಟೆಯೊಳಗೆ ತೆಗೀಬೇಕು ಅಂತ ನಿಯಮ ಬಂದಾಗ ಗಡುವಿತ್ತು.

"ಯಾಕೆ ತೆಗೆಸ್ಕೊಂಡ್ಲು" ಅನ್ನೋರಿಗೆ ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂನ ವಿವರಣೆ ಓದಿಸ್ರಿ. ಫೋಟೋ ತೆಗೆಯೋಕೆ ಒಪ್ಪಿದ್ದು ಬೇರೆ, ಹಂಚೋಕೆ ಒಪ್ಪಿದ್ದು ಬೇರೆ. ಮೊದಲನೆಯದಕ್ಕೆ ಒಪ್ಪಿ ಎರಡನೆಯದಕ್ಕೆ ಒಪ್ಪದಿದ್ದರೆ ಹಂಚಿದ್ದು ಅಪರಾಧ. ಮೊದಲ ಸಲ 1ರಿಂದ 3 ವರ್ಷ. ಐಟಿ ಕಾಯ್ದೆಯ 66ಇ ಕಲಂ ಖಾಸಗಿ ಅಂಗದ ಚಿತ್ರ ಒಪ್ಪಿಗೆಯಿಲ್ಲದೆ ಕಳಿಸಿದ್ದಕ್ಕೆ 3 ವರ್ಷದವರೆಗೆ ಜೈಲು ಅಥವಾ 2 ಲಕ್ಷದವರೆಗೆ ದಂಡ, ಎರಡೂ ಆಗಬಹುದು. 67ರಲ್ಲಿ ಅಶ್ಲೀಲ ಚಿತ್ರ ಕಳಿಸಿದ್ದಕ್ಕೆ 3 ವರ್ಷ, 5 ಲಕ್ಷ. ಲೈಂಗಿಕ ಕ್ರಿಯೆ ಇದ್ದರೆ 67ಎ: 5 ವರ್ಷ, 10 ಲಕ್ಷ. ಫಾರ್ವರ್ಡ್ ಅಂದ್ರೂ ಕಳಿಸಿದ್ದೇ. "ನಾನು ಮಾಡಿದ್ದಲ್ಲ, ಬಂದದ್ದನ್ನ ಕಳಿಸ್ದೆ" ಅನ್ನೋ ಮಾತು ಕೋರ್ಟಿನಲ್ಲಿ ನಡೆಯಲ್ಲ.

ಚಿತ್ರದಲ್ಲಿರೋಳು 18ರೊಳಗಿನವಳು ಅಂತ ಅನುಮಾನ ಬಂದರೂ ಲೆಕ್ಕವೇ ಬದಲು. 67ಬಿ ಪ್ರಕಾರ ಡೌನ್‌ಲೋಡ್ ಕೂಡ ಅಪರಾಧ. ಮಕ್ಕಳ ರಕ್ಷಣೆಯ ಪೋಕ್ಸೋ ಕಾಯ್ದೆಯ 19ನೇ ಕಲಂ ಪ್ರಕಾರ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು.

ಅಡ್ಮಿನ್ ವಿಷಯ. ಮೆಂಬರ್ ಹಾಕಿದ್ದಕ್ಕೆ ಅಡ್ಮಿನ್ ಅನ್ನೋ ಒಂದೇ ಕಾರಣಕ್ಕೆ ಹೊಣೆಯಲ್ಲ ಅಂತ ಬಾಂಬೆ ಹೈಕೋರ್ಟಿನ ನಾಗ್ಪುರ ಪೀಠ 2021ರಲ್ಲಿ, ಕೇರಳ ಹೈಕೋರ್ಟು 2022ರಲ್ಲಿ ಹೇಳಿವೆ. ಆದರೆ ಮುಧೋಳದವರಿಗೆ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ. ಹೊರ ರಾಜ್ಯದ ತೀರ್ಪು ಅಲ್ಲಿ ವಾದಕ್ಕೆ ಬರುತ್ತೆ, ಕಟ್ಟುಪಾಡಲ್ಲ. ಇನ್ನೊಂದು, ಬಾಂಬೆ ತೀರ್ಪಿನಲ್ಲೇ ಸಮಾನ ಉದ್ದೇಶ (ಹಾಕಿದವನ ಜೊತೆ ಅಡ್ಮಿನ್ನೂ ಸೇರ್ಕೊಂಡಿದ್ದು) ಇದ್ದರೆ ಮಾತು ಬೇರೆ ಅಂತಿದೆ. ಆ ನಲವತ್ತರಲ್ಲಿ ಅಡ್ಮಿನ್‌ದೂ ಒಂದು ನಗು ಇದ್ದರೆ ಈಗಲೇ ಹೇಳ್ರಿ, ಸಲಹೆ ಬೇರೆ ಆಗುತ್ತೆ.

ದೂರು ಕೊಡೋದಾದ್ರೆ ಜಿಲ್ಲಾ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆ, ಇಲ್ಲವೇ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್. ಪೋರ್ಟಲ್ಲಿನ ಮಹಿಳೆ ಮತ್ತು ಮಕ್ಕಳ ವಿಭಾಗದಲ್ಲಿ ಹೆಸರು ಹೇಳದೆ ದೂರು ಕೊಡಬಹುದು, ಆದರೆ ಆಮೇಲೆ ಅದು ಎಲ್ಲಿಗೆ ಬಂತು ಅಂತ ನೋಡೋಕಾಗಲ್ಲ. ಎಕ್ಸ್‌ಪೋರ್ಟ್ ಫೈಲು ಇರೋ ಫೋನನ್ನ ರೀಸೆಟ್ ಮಾಡಬೇಡ್ರಿ. ಎಲೆಕ್ಟ್ರಾನಿಕ್ ದಾಖಲೆಯನ್ನ ಕೋರ್ಟಿಗೆ ಕೊಡುವಾಗ ಬೇಕಾಗೋ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಮಾಣಪತ್ರಕ್ಕೆ ಅದು ಬೇಕಾಗಬಹುದು.

ನೇಗಿಲು_77:
ಇಷ್ಟೆಲ್ಲಾ ಯಾಕ್ರೀ? ಸಿನಿಮಾದವ್ರಂದ್ರ ಮಂದಿ ನೋಡೇ ನೋಡ್ತಾರ. ಹೆಸರು, ರೊಕ್ಕ ಬೇಕು ಅಂದ್ರ ಇದನ್ನೂ ತಡ್ಕೋಬೇಕು.

ಕ್ಯಾಂಪ್_ವಕೀಲ:
ಪರದೆ ಮೇಲೆ ಏನು ತೋರಿಸಬೇಕು ಅನ್ನೋದು ಅವರೇ ಒಪ್ಪಿ ಸಹಿ ಹಾಕಿದ್ದು. ಮನೆಯೊಳಗಿನದಕ್ಕೆ ಸಹಿ ಹಾಕಿಲ್ಲ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು 2017ರಲ್ಲಿ ಹೇಳಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರ ಅರ್ಜಿ ಮೇಲೇ. ನಟಿಯರನ್ನ ಬಿಟ್ಟು ಅಂತ ಅದರಲ್ಲಿಲ್ಲ.

ಇಳಕಲ್_ಓದು:
ನೇಗಿಲು ಅವರ, "ಆಕೀನೇ ಬಿಟ್ಟಿರ್ತಾಳ" ಅನ್ನೂ ಮಾತು 2014ರಾಗೂ ಬಂದಿತ್ತು. ಆ ವರ್ಷ ಆಗಸ್ಟ್ ಕಡೀಕ ಹಾಲಿವುಡ್‌ನ ಜೆನಿಫರ್ ಲಾರೆನ್ಸ್ ಮತ್ತ ಬ್ಯಾರೆ ನಟಿಯರ ಫೋಟೋ ಹೊರಗ ಬಿದ್ದವು. ತನಿಖೆ ಆದ ಮ್ಯಾಲ ತಿಳಿದದ್ದೇನಂದ್ರ, ಆ್ಯಪಲ್, ಗೂಗಲ್ ಹೆಸರಿನ್ಯಾಗ ಖೊಟ್ಟಿ ಮೇಲ್ ಕಳಿಸಿ ಪಾಸ್‌ವರ್ಡ್ ಕಸ್ಕೊಂಡಿದ್ರು. ಪೆನ್ಸಿಲ್ವೇನಿಯಾದ ಒಬ್ಬಾಂವಗ 2016ರಾಗ 18 ತಿಂಗಳ ಜೈಲಾತು. ಇದು ಹಗರಣ ಅಲ್ಲ, ಲೈಂಗಿಕ ಅಪರಾಧ ಅಂತ ಲಾರೆನ್ಸ್ ಹೇಳಿದ್ರು. ನೋಡಿದವ್ರೂ ಆ ಅಪರಾಧ ಮುಂದುವರಿಸಿದಂಗ ಅಂತಲೂ ಅಂದ್ರು.

ಇನ್ನ 2023ರ ನವೆಂಬರಿನ್ಯಾಗ ನಮ್ಮ ಕೊಡಗಿನ ರಶ್ಮಿಕಾ ಮಂದಣ್ಣ ಅವರ ಮುಖಾ ಬ್ಯಾರೆ ಹೆಣ್ಮಗಳ ವಿಡಿಯೋಕ್ಕ ಅಂಟಿಸಿದ್ದು. ಮುಂದಿನ ಜನವರಿಯಾಗ ದಿಲ್ಲಿ ಪೊಲೀಸ್ರು ಆಂಧ್ರದಾಗ ಹಿಡದದ್ದು ಯಾರ್ನ? ಆಕೀ ಹೆಸರಿನ್ಯಾಗ ಅಭಿಮಾನಿ ಪೇಜ್ ನಡಸಾಂವನ್ನ. ಫಾಲೋವರ್ಸ್ ಹೆಚ್ಚಾಗ್ಲಿ ಅಂತ ಮಾಡಿದ್ದ ಅಂತ ಪೊಲೀಸ್ರೇ ಹೇಳಿದ್ರು.

ಎಐ ಚಿತ್ರ ಆದ್ರ ಬೆರಳ ತಪ್ಪಿರ್ತಾವ ಅಂತ "ಬೆರಳ ನೋಡ್ರಿ" ಅನ್ನೂದೂ ಭಾಳ ಒಳ್ಳೇದಲ್ಲ. ಬೆರಳ ಎಣಸಾಕ ಫೋಟೋ ದೊಡ್ಡದು ಮಾಡ್ಬೇಕು, ಗೆಳ್ಯಾಗ ಕಳಿಸಿ ನೀನೂ ನೋಡು ಅನ್ಬೇಕು. ತಪಾಸಣೆ ಅನ್ಕೊಂತ ಮತ್ತ ಹತ್ತು ಫೋನಿಗೆ ಹೋಗ್ತೈತಿ.

ನಾಳೆ ಊರಿನ ಹೆಣ್ಮಗಳದೇ ಬಂದ್ರ 'ಸ್ಟಾಪ್ ಎನ್‌ಸಿಐಐ' ಅಂತ ಒಂದು ವೆಬ್‌ಸೈಟ್ ಐತಿ. ಫೋಟೋದಾಗ ಇರೂ ಆಕೀನೇ, 18 ತುಂಬಿದ್ರ, ತನ್ನ ಫೋನಿನ್ಯಾಗೇ ಆ ಫೋಟೋಕ್ಕ ಒಂದು ಹ್ಯಾಶ್ ಸಂಖ್ಯೆ (ಫೋಟೋದ ಬೆರಳಚ್ಚು ಇದ್ದಂಗ) ಮಾಡ್ಕೋಬಹುದು. ಫೋಟೋ ಫೋನ್ ಬಿಟ್ಟು ಹೋಗಂಗಿಲ್ಲ, ಬರೇ ಸಂಖ್ಯೆ ಹೋಗ್ತೈತಿ. ಅದನ್ನ ಹಿಡಕೊಂಡು ಫೇಸ್‌ಬುಕ್, ಇನ್‌ಸ್ಟಾಗ್ರಾಂ ಅಂಥವು ಅದೇ ಚಿತ್ರ ಏರಸಾಕ ಬಂದ್ರ ತಡೀತಾವ. ನಟಿ ಪರವಾಗಿ ನಾವು ಮಾಡಾಕ ಬರಂಗಿಲ್ಲ.

ಮುಧೋಳ_ಕಬ್ಬು:
ನಾ ನಗು ಹಾಕಿಲ್ರೀ ವಕೀಲ್ರ. ಲಾಕ್, ಎಕ್ಸ್‌ಪೋರ್ಟ್, ರಿಪೋರ್ಟ್, ಡಿಲೀಟ್ ನಾಕೂ ಆತು. ಈಗ ಗ್ರೂಪಿಗೆ ಇದನ್ನ ಹಾಕ್ಬೇಕಂತೀನಿ, ನೋಡ್ರಿ: "ನಿನ್ನೆ ಬಂದ ನಟಿ (ಹೆಸರು ಬರದೀನಿ) ಅವರ ಫೋಟೋ ತಗದೀನಿ. ಯಾರ ಫೋನಿನ್ಯಾಗ ಐತಿ ಅವ್ರು ಅಳಸ್ರಿ, ಬಿನ್ ಖಾಲಿ ಮಾಡ್ರಿ. ಲಿಂಕ್ ಒತ್ತಿದವ್ರು ನನಗ ಫೋನ್ ಮಾಡ್ರಿ. ಮತ್ತ ಹಾಕಿದ್ರ ಗ್ರೂಪಿನಿಂದ ಹೊರಗ."

ಗುಮ್ಮಟ_ಮೊಬೈಲ್:
ಎಲ್ಲಾ ಬರೋಬರಿ ಅದ, ಆ ಹೆಸರು ತಗೀರಿ. ರಾತ್ರಿ ಫೋನ್ ನೋಡ್ದೆ ಮಲಗಿದವ್ರು ಅರ್ಧ ಮಂದಿ ಇರ್ತಾರ. ನೀವು ಹೆಸರು ಬರದ್ರಿ ಅಂದ್ರ ಅವರು ಮೊದಲ ಮಾಡೂದೇ ಗೂಗಲಿನ್ಯಾಗ ಆ ಹೆಸರು ಹೊಡಿಯೂದು.

ಮುಧೋಳ_ಕಬ್ಬು:
ತಗದ್ನಿ. "ನಿನ್ನೆ ರಾತ್ರಿ ಬಂದ ಮೂರು ಫೋಟೋ" ಅಂತಷ್ಟೇ ಮಾಡೀನಿ. ಕೆಳಗ ನಾಳಿನ ಕಟಾವು ಪಾಳಿ ಪಟ್ಟಿ ಜೋಡ್ಸೇನಿ, ಅದನ್ನಂತೂ ಎಲ್ಲಾರೂ ಓದ್ತಾರ.