ಪದಚರ್ಚೆ: ಪಂಚೇಂದ್ರಿಯಗಳ ಡಚ್ ಚಿತ್ರಗಳಿಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಡಚ್ ಚಿತ್ರಕಲೆಯ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಹದಿನೇಳನೇ ಶತಮಾನದಲ್ಲಿ ಅಲ್ಲಿನ ಕಲಾವಿದರು ಒಂದೊಂದು ಇಂದ್ರಿಯಕ್ಕೆ ಒಂದೊಂದರಂತೆ ಐದು ಚಿತ್ರಗಳ ಸರಣಿ ಬರೆಯುತ್ತಿದ್ದರು. ಅವುಗಳಿಗೆ ಶಬ್ದ, ಸ್ಪರ್ಶ, ರೂಪ, ರಸ, ಗಂಧ ಅಂತ ಸಿದ್ಧ ಹೆಸರು ಇಟ್ಟು ಮುಗಿಸೋಣ ಅಂದುಕೊಂಡೆ. ಚಿತ್ರಗಳೇ ಒಪ್ಪುತ್ತಿಲ್ಲ.

ಯಾನ್ ಮೀನ್ಸೆ ಮೋಲೆನಾರ್ 1637ರಲ್ಲಿ ಬರೆದ ಸರಣಿ ಹೇಗ್ ನಗರದ ಮೌರಿಟ್ಸ್‌ಹೌಸ್ ವಸ್ತುಸಂಗ್ರಹಾಲಯದಲ್ಲಿದೆ. ಅದರಲ್ಲಿ ಮೂಗಿನ ಚಿತ್ರ ನೋಡಿ: ತಾಯಿ ಮಗುವಿನ ಕುಂಡೆ ಒರೆಸುತ್ತಿದ್ದಾಳೆ, ಪಕ್ಕದಲ್ಲಿದ್ದವನು ಮೂಗು ಹಿಡಿದುಕೊಂಡಿದ್ದಾನೆ. ಇದಕ್ಕೆ ‘ಗಂಧ’ ಅಂದರೆ ನಗು ಬರುತ್ತದೆ, ಅಲ್ವಾ? ‘ವಾಸನೆ’ಯೇ ಸರಿ. ಆಡುಮಾತಿನಲ್ಲಿ ಸುಮ್ನೆ ‘ವಾಸನೆ ಬರ್ತಿದೆ’ ಅಂದರೆ ಕೆಟ್ಟದ್ದು ಅಂತಲೇ ಅರ್ಥ. ಇನ್ನೊಂದರಲ್ಲಿ ಹೆಂಗಸೊಬ್ಬಳು ಗಂಡಸಿಗೆ ಚಪ್ಪಲಿಯಿಂದ ಬಾರಿಸುತ್ತಿದ್ದಾಳೆ. ಅದು ಚರ್ಮದ ಚಿತ್ರ! ‘ಸ್ಪರ್ಶ’ ತೀರಾ ನಾಜೂಕಾಯಿತು. ‘ಮುಟ್ಟು’ ಅಂದರೆ ಬೇರೆ ಅರ್ಥ ಬರುತ್ತದೆ. ‘ಏಟು’ ಅಂದರೆ ಇಂದ್ರಿಯವೇ ಕಾಣೆ. ‘ರುಚಿ’ಗೆ ಮಾತ್ರ ತಕರಾರಿಲ್ಲ.

ರೆಂಬ್ರಾಂಟ್ ಕೂಡ 1624ರ ಸುಮಾರಿಗೆ, ಇನ್ನೂ ಇಪ್ಪತ್ತು ತುಂಬುವ ಮೊದಲೇ, ಲೈಡನ್‌ನಲ್ಲಿ ಇಂಥ ಸರಣಿ ಬರೆದ. ಅದರ ವಾಸನೆಯ ಚಿತ್ರ 2015ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಒಂದು ಹರಾಜಿನಲ್ಲಿ ಬೆಳಕಿಗೆ ಬಂತು. ಮೂರ್ಛೆ ಹೋದವನ ಮೂಗಿಗೆ ಬಟ್ಟೆ ಹಿಡಿಯುವ ದೃಶ್ಯ ಅದು. ರುಚಿಯ ಚಿತ್ರ ಇನ್ನೂ ಸಿಕ್ಕಿಲ್ಲ. ನನಗೆ ಜಾಸ್ತಿ ಕಾಟ ಕೊಡುತ್ತಿರುವುದು ಕಣ್ಣಿನ ಚಿತ್ರ. ಬೀದಿ ವ್ಯಾಪಾರಿಯೊಬ್ಬ ವಯಸ್ಸಾದ ದಂಪತಿಗೆ ಕನ್ನಡಕ ಮಾರುತ್ತಿದ್ದಾನೆ. ಡಚ್ಚರ ಮಾತಿನಲ್ಲಿ ‘ಕನ್ನಡಕ ಮಾರುವುದು’ ಅಂದರೆ ಮೋಸ ಮಾಡುವುದು, ನಮ್ಮ ‘ಟೋಪಿ ಹಾಕು’ವಂತೆ. ‘ದೃಷ್ಟಿ’ ಅಂದರೆ ನಮ್ಮಲ್ಲಿ ದೃಷ್ಟಿ ತೆಗೆಯುವುದು ನೆನಪಾಗುತ್ತದೆ. ‘ನೋಟ’ ಅಂತ ಹೆಸರಿಟ್ಟು, ಮೋಸದ ಮಾತನ್ನು ಕೆಳಗಿನ ಟಿಪ್ಪಣಿಗೆ ಬಿಡುವುದು ನನ್ನ ಯೋಚನೆ.

ಇನ್ನೊಂದು ಕೇಳಬೇಕಿತ್ತು. ಈ ಬಗೆಯ ಚಿತ್ರಕ್ಕೆ ಒಟ್ಟಾಗಿ ಏನನ್ನಬೇಕು? ‘ರೂಪಕ’ ಅಂತ ಬರೆದವರಿದ್ದಾರೆ. ಹಳೆಯ ಚಿತ್ರಗಳಲ್ಲಿ ಕನ್ನಡಿ ಹಿಡಿದ ಹೆಣ್ಣು ನೋಟವಾಗುತ್ತಿದ್ದಳು, ವೀಣೆಯಂಥ ವಾದ್ಯ ಹಿಡಿದವಳು ಕಿವಿಯಾಗುತ್ತಿದ್ದಳು. ಅಲ್ಲಿ ರೂಪಕ ಹೊಂದುತ್ತದೆ. ಇಲ್ಲಿ ಇರುವವರು ಬೀದಿಯ, ಹೆಂಡದಂಗಡಿಯ ಜನ. ಯಾರೂ ಯಾವುದರ ರೂಪವನ್ನೂ ತಾಳಿಲ್ಲ. ಒಂದನ್ನು ತೋರಿಸಿ ಇನ್ನೊಂದನ್ನು ಹೇಳುವುದರಿಂದ ‘ಅನ್ಯೋಕ್ತಿ’ ಹತ್ತಿರ ಅನಿಸುತ್ತದೆ. ಆದರೆ ಅದು ಕಾವ್ಯದ ಪದ. ಚಿತ್ರಕ್ಕೆ ಯಾರಾದರೂ ಬಳಸಿದ್ದನ್ನು ನೋಡಿದ್ದೀರಾ? ಅಲಂಕಾರಶಾಸ್ತ್ರ ಓದಿದವರು ದಯವಿಟ್ಟು ಹೇಳಿ. ಮುಟ್ಟುವ ಇಂದ್ರಿಯಕ್ಕೆ ನಿಮ್ಮೂರ ಕಡೆ ಬೇರೆ ಮಾತಿದ್ದರೆ ಅದನ್ನೂ ತಿಳಿಸಿ.