ಬಳ್ಳಾರಿಯಿಂದ ದುಬೈಗೆ ಮೊದಲ ಜೀನ್ಸ್ ಲೋಡ್: ಫಾರ್ವರ್ಡರ್ ಯಾರಿರಬೇಕು?

ಕೌಲ್‌ಬಜಾರ್ ಜೀನ್ಸ್:

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯ ಕೌಲ್‌ಬಜಾರ್‌ನಲ್ಲಿ ನಮ್ಮದೊಂದು ಸಣ್ಣ ಜೀನ್ಸ್ ಯೂನಿಟ್ ಇದೆ. 22 ಮಷಿನ್. ಅಪ್ಪನ ಕಾಲದಿಂದ ಮಾಲು ಹೈದರಾಬಾದ್, ಸೋಲಾಪುರ, ವಿಜಯವಾಡ ಕಡೆಗೆ ಪಾರ್ಸೆಲ್ ಲಾರಿಯಲ್ಲಿ ಹೋಗುತ್ತಿದೆ. ಲಾರಿ ಆಫೀಸಿನಲ್ಲಿ ಬಂಡಲ್ ಇಳಿಸಿ ರಸೀದಿ ತಗೊಂಡರೆ ನಮ್ಮ ಕೆಲಸ ಮುಗೀತು. ಈಗ ಮೊದಲ ಸಲ ದುಬೈನ ಹೋಲ್‌ಸೇಲ್ ವ್ಯಾಪಾರಿಯೊಬ್ಬರು 3,000 ಪೀಸ್ ಕೇಳಿದ್ದಾರೆ. 30% ಅಡ್ವಾನ್ಸ್ ಹಾಕಿದ್ದಾರೆ, ಉಳಿದದ್ದು ಮಾಲು ತಲುಪಿದ ಮೇಲೆ ಅಂತಾರೆ. ಐಇಸಿ (ರಫ್ತಿಗೆ ಬೇಕಾದ ಕೋಡ್ ನಂಬರ್) ಆಗಿದೆ, ತೆರಿಗೆ ಕಟ್ಟದೆ ರಫ್ತು ಮಾಡಲು ಜಿಎಸ್‌ಟಿಯ ಎಲ್‌ಯುಟಿ ಹಾಕಿದ್ದೇನೆ. ಸಿಕ್ಕಿಹಾಕಿಕೊಂಡಿರುವುದು ಸಾಗಣೆಯಲ್ಲಿ.

ಮಾಲನ್ನು ಹಡಗಿಗೆ ಹತ್ತಿಸಿ ಆ ಕಡೆ ತಲುಪಿಸುವ ಏರ್ಪಾಡು ಮಾಡುವವರನ್ನು ಫಾರ್ವರ್ಡರ್ ಅಂತಾರೆ. ಅದಕ್ಕೆ ನನ್ನ ಮುಂದೆ ಮೂರು ದಾರಿ ಇವೆ. ಒಂದು, ಜಗತ್ತಿನ ತುಂಬ ಆಫೀಸ್ ಇರುವ ದೊಡ್ಡ ಫಾರ್ವರ್ಡಿಂಗ್ ಕಂಪನಿ, ಅವರ ರೇಟ್ ಜಾಸ್ತಿ. ಎರಡು, ಚೆನ್ನೈನ ಒಂದು ಸಣ್ಣ ಆಫೀಸ್. ಅವರು ಫ್ರೈಟ್ (ಹಡಗಿನ ಬಾಡಿಗೆ) ಸೊನ್ನೆ, ಇಲ್ಲಿನ ಖರ್ಚು ಮಾತ್ರ ಕೊಡಿ ಅಂತಾರೆ. ಮೂರು, ಖರೀದಿದಾರರೇ "ನಮ್ಮ ಫಾರ್ವರ್ಡರ್ ಇದ್ದಾರೆ, ಎಫ್‌ಒಬಿ ಮಾಡಿ, ನೀವು ಚೆನ್ನೈಗೆ ತಲುಪಿಸಿದರೆ ಸಾಕು" ಅಂದಿದ್ದಾರೆ. ಎಫ್‌ಒಬಿ ಅಂದರೆ ಹಡಗು ಹತ್ತಿಸುವವರೆಗಿನ ಖರ್ಚು ನಮ್ಮದು, ಆಮೇಲಿನದು ಅವರದು. ಮೂರನೆಯದೇ ಸುಲಭ ಅನ್ನಿಸ್ತಿದೆ. ಈ ಫಾರ್ವರ್ಡರ್‌ಗಳ ಹತ್ತಿರ ಹಡಗೇ ಇಲ್ಲವಂತೆ, ಹಾಗಿದ್ದ ಮೇಲೆ ಅವರಿಗೆ ಯಾಕೆ ಕೊಡಬೇಕು? ಗೊತ್ತಿದ್ದವರು ದಯವಿಟ್ಟು ಹೇಳಿ. ಸಾಲ ಮಾಡಿ ಬಟ್ಟೆ ತಂದಿದ್ದೇನೆ, ತಪ್ಪು ಮಾಡಲಾರೆ.

ಚೆನ್ನೈ ಸೇರಿದ ಬಳ್ಳಾರಿಯವ:

ತಮ್ಮ, ನಮ್ಮೂರಿನವರು ಕೇಳಿದ್ದೀರಿ ಅಂತ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. 14 ವರ್ಷದಿಂದ ಇದೇ ಕೆಲಸ ನನ್ನದು, ಎಕ್ಸ್‌ಪೋರ್ಟ್ ಡಾಕ್ಯುಮೆಂಟೇಶನ್.

ಹಡಗು ಅವರದ್ದಲ್ಲ, ನಿಜ. ಹಡಗು ಮೆರ್ಸ್ಕ್, ಎಂಎಸ್‌ಸಿ ಥರದ ಶಿಪ್ಪಿಂಗ್ ಲೈನ್‌ಗಳದ್ದು. ಆದರೆ ಲೈನ್‌ನವರು ಸಾಮಾನ್ಯವಾಗಿ ಕೊಡುವುದು ಇಡೀ ಕಂಟೇನರ್, ನಿಮ್ಮ ನೂರು ಪೆಟ್ಟಿಗೆಗೆ ಅವರು ನೇರವಾಗಿ ಜಾಗ ಮಾರುವುದು ಕಡಿಮೆ. ಲೆಕ್ಕ ಹಾಕಿ ನೋಡಿ. ಒಂದು ಪೆಟ್ಟಿಗೆಗೆ 30 ಪೀಸ್ ಅಂದರೆ 100 ಪೆಟ್ಟಿಗೆ. 60×40×40 ಸೆಂ.ಮೀ. ಪೆಟ್ಟಿಗೆ ಆದರೆ ಒಂದಕ್ಕೆ 0.096 ಕ್ಯೂಬಿಕ್ ಮೀಟರ್, ಒಟ್ಟು 9.6. ಇಪ್ಪತ್ತು ಅಡಿ ಕಂಟೇನರ್ ಒಳಗೆ ಸುಮಾರು 33 ಕ್ಯೂಬಿಕ್ ಮೀಟರ್ ಇರುತ್ತದೆ. ಅದರ ಮೂರನೇ ಒಂದು ಭಾಗವೂ ನಿಮ್ಮ ಮಾಲಿನಿಂದ ತುಂಬುವುದಿಲ್ಲ. ಹಾಗಾಗಿ ಹತ್ತಾರು ಜನರ ಮಾಲು ಸೇರಿಸಿ ಒಂದು ಕಂಟೇನರ್ ಮಾಡುತ್ತಾರೆ, ಅದೇ ಎಲ್‌ಸಿಎಲ್. ನಿಮ್ಮ ಪಾರ್ಸೆಲ್ ಲಾರಿಯ ಲೆಕ್ಕವೇ. ಅದರಲ್ಲಿ ಟನ್ ಅಥವಾ ಕ್ಯೂಬಿಕ್ ಮೀಟರ್, ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು. ಪೆಟ್ಟಿಗೆ 19 ಕಿಲೋ ಬಂದರೆ ಒಟ್ಟು 1.9 ಟನ್, ಹಾಗಾಗಿ ನಿಮಗೆ 9.6ಕ್ಕೆ ಬಿಲ್ ಆಗುತ್ತದೆ. ಪೆಟ್ಟಿಗೆಯೊಳಗೆ ಗಾಳಿ ಬಿಟ್ಟರೆ ಆ ಗಾಳಿಗೂ ಬಾಡಿಗೆ ಕಟ್ಟುತ್ತೀರಿ. ವಿಮಾನದಲ್ಲಿ ಲೆಕ್ಕವೇ ಬೇರೆ. ಅಲ್ಲಿ 6,000 ಘನ ಸೆಂ.ಮೀ.ಗೆ ಒಂದು ಕಿಲೋ, ಈ ಪೆಟ್ಟಿಗೆ 16 ಕಿಲೋ ಅಂತ ಬರುತ್ತದೆ. ನಿಜವಾದ ತೂಕ 19, ಹಾಗಾಗಿ 19ಕ್ಕೇ ಕೊಡಬೇಕು.

ಸೊನ್ನೆ ಫ್ರೈಟ್ ವಿಷಯ. ಆ ದುಡ್ಡನ್ನು ಅವರು ಬಿಡುವುದಿಲ್ಲ, ದುಬೈನಲ್ಲಿ ಮಾಲು ಬಿಡಿಸಿಕೊಳ್ಳುವಾಗ ನಿಮ್ಮ ಖರೀದಿದಾರರಿಂದ ತಗೊಳ್ಳುತ್ತಾರೆ. ಅವರು ಬಿಲ್ ನೋಡಿ ಬೆಚ್ಚಿಬಿದ್ದು ನಿಮ್ಮ ಬಾಕಿಯಲ್ಲಿ ಅದನ್ನು ಮುರಿದುಕೊಂಡರೆ? ಹಾಗಾಗಿ ಕೊಟೇಶನ್ ಕೇಳುವಾಗ ಆ ಕಡೆಯ ಚಾರ್ಜ್ ಎಷ್ಟು ಅಂತ ಲಿಖಿತದಲ್ಲಿ ತಗೊಳ್ಳಿ. ಕೊಡಲ್ಲ ಅಂದರೆ ಅಲ್ಲಿಗೇ ಬಿಡಿ.

ಈಗ ನಿಜವಾದ ವಿಷಯ, ಕಾಗದ. ಬಿಎಲ್ ಅಂದರೆ ಬಿಲ್ ಆಫ್ ಲೇಡಿಂಗ್, ನಿಮ್ಮ ಲಾರಿ ರಸೀದಿಯ ಥರ ಹಡಗಿನ ಮಾಲಿಗೆ ಕೊಡುವ ಕಾಗದ. ನಿಮ್ಮ ಲೋಡ್‌ಗೆ ಎರಡು ಬಿಎಲ್ ಆಗುತ್ತವೆ. ಮಾಸ್ಟರ್ ಬಿಎಲ್ ಅನ್ನು ಲೈನ್‌ನವರು ಫಾರ್ವರ್ಡರ್ ಹೆಸರಿಗೆ ಕೊಡುತ್ತಾರೆ, ಆ ಕಡೆ ಅವರ ಏಜೆಂಟ್ ಹೆಸರು ಇರುತ್ತದೆ. ಹೌಸ್ ಬಿಎಲ್ ಅನ್ನು ಫಾರ್ವರ್ಡರ್ ನಿಮಗೆ ಕೊಡುತ್ತಾರೆ. ಅಂದರೆ ದುಬೈನಲ್ಲಿ ಮಾಲು ಮೊದಲು ಸೇರುವುದು ಏಜೆಂಟ್ ಕೈಗೆ. ನಿಮ್ಮ ಒರಿಜಿನಲ್ ಹೌಸ್ ಬಿಎಲ್ ನೋಡಿದ ಮೇಲೆ ಅವರು ಬಿಡಬೇಕು. ಇಲ್ಲಿ ಎಲ್ಲವೂ ಒಂದೇ ಪ್ರಶ್ನೆಯ ಮೇಲೆ ನಿಂತಿದೆ: ಆ ಏಜೆಂಟ್ ಯಾರ ಮಾತು ಕೇಳುತ್ತಾನೆ? ಫ್ರೈಟ್ ಕೊಡುವವರ ಮಾತು. ಎಫ್‌ಒಬಿ ಮಾಡಿ ಖರೀದಿದಾರರ ಫಾರ್ವರ್ಡರ್‌ಗೆ ಒಪ್ಪಿಸಿದರೆ ಫ್ರೈಟ್ ಕೊಡುವವರು ಖರೀದಿದಾರರು. 70% ಬಾಕಿ ಇಟ್ಟುಕೊಂಡು ಆ ದಾರಿ ಹಿಡಿಯಬೇಡಿ. ಪೂರ್ತಿ ಹಣ ಮುಂಚೆ ಬಂದಿದ್ದರೆ ನಾನು ಏನೂ ಹೇಳುತ್ತಿರಲಿಲ್ಲ.

ಗಂಗಾವತಿ ಸೋನಾ:

ಮೇಲಿನವರು ಹೇಳಿದ್ದು ನನಗೆ ಆಗಿ ಹೋಗಿದೆ. ನಮ್ಮದು ಅಕ್ಕಿ. ಕೆಲವು ವರ್ಷದ ಹಿಂದೆ ಒಂದು ಕಂಟೇನರ್ ಗಲ್ಫ್‌ಗೆ ಹೀಗೇ ಎಫ್‌ಒಬಿಯಲ್ಲಿ ಕಳಿಸಿದ್ದೆ, ಖರೀದಿದಾರರ ಕಡೆಯ ಫಾರ್ವರ್ಡರ್. ಮೂರೂ ಒರಿಜಿನಲ್ ಬಿಎಲ್ ನನ್ನ ಬೀರುವಿನಲ್ಲೇ ಇದ್ದವು. ಮಾಲು ಮಾತ್ರ ಅಲ್ಲಿ ಬಿಡುಗಡೆ ಆಗಿ, ಮಾರಾಟವೂ ಆಗಿಹೋಗಿತ್ತು. ಫೋನ್ ಮಾಡಿದರೆ ಇಲ್ಲಿನವರು ಅಲ್ಲಿನವರನ್ನು ತೋರಿಸಿದರು, ಅಲ್ಲಿನವರು ಫೋನೇ ಎತ್ತಲಿಲ್ಲ. ಒಂದೂವರೆ ವರ್ಷ ಓಡಾಡಿ ಅರ್ಧ ದುಡ್ಡು ಬಂತು. ಆ ವರ್ಷ ಭತ್ತ ಕೊಟ್ಟ ರೈತರಿಗೆ ತಡವಾಗಿ ಕೊಟ್ಟೆ. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಒಳ್ಳೆಯದೂ ಹೇಳಬೇಕು. ಆಮೇಲೆ ನಾವೇ ಒಬ್ಬ ಫಾರ್ವರ್ಡರ್ ಹಿಡಿದೆವು. 2023ರ ಜುಲೈ 20ರಂದು ಬಾಸ್ಮತಿ ಅಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿದ್ದು ನೆನಪಿದೆ ಅಲ್ವಾ? ಆದೇಶ ತಕ್ಷಣದಿಂದಲೇ ಜಾರಿ. ನಮ್ಮ ಲಾರಿ ಲೋಡ್ ಆಗಿ ಮಿಲ್ ಗೇಟಿನಲ್ಲಿ ನಿಂತಿತ್ತು. ರಾತ್ರಿ ಅವರ ಹುಡುಗ ಫೋನ್ ಮಾಡಿ "ಸರ್, ಲಾರಿ ಹೊರಡಿಸಬೇಡಿ, ನೋಟಿಫಿಕೇಶನ್ ಬಂದಿದೆ" ಅಂದ. ಹೊರಟಿದ್ದರೆ ಬಂದರಿನಲ್ಲಿ ದಿನದ ಬಾಡಿಗೆ ಕಟ್ಟುತ್ತ ಕೂರಬೇಕಿತ್ತು. ಆ ನಿಷೇಧ ತೆರವಾಗಿದ್ದು 2024ರ ಸೆಪ್ಟೆಂಬರ್ 28ಕ್ಕೆ. ಆ ಒಂದು ಫೋನ್‌ಗೆ ನಾನು ಕೊಟ್ಟ ಸರ್ವೀಸ್ ಚಾರ್ಜ್ ಏನೇನೂ ಅಲ್ಲ. ಅವರ ಹತ್ತಿರ ಹಡಗಿಲ್ಲ ಸರಿ, ಸುದ್ದಿ ಮೊದಲು ತಲುಪುವುದು ಅವರಿಗೇ.

ಎನ್‌ಎಚ್ 67:

ನಾನು ಲಾರಿಯವನು, ಹಾಗಾಗಿ ನನ್ನ ಕಡೆಯ ಮಾತು. ಈ ದೊಡ್ಡ ಫಾರ್ವರ್ಡಿಂಗ್ ಕಂಪನಿಗಳು ಮೇಲಿಂದ ಇಳಿದು ಬಂದವಲ್ಲ. ಡೆನ್ಮಾರ್ಕ್‌ನ ಡಿಎಸ್‌ವಿ 1976ರಲ್ಲಿ ಕೆಲವು ಲಾರಿ ಮಾಲೀಕರು ಒಟ್ಟಾಗಿ ಶುರು ಮಾಡಿದ್ದು. 2025ರ ಏಪ್ರಿಲ್‌ನಲ್ಲಿ ಅವರು ಜರ್ಮನಿಯ ಶೆಂಕರ್ ಅನ್ನೇ ಕೊಂಡುಕೊಂಡರು. ಕ್ಯೂನೆ ಪ್ಲಸ್ ನಾಗೆಲ್ 1890ರಲ್ಲಿ ಬ್ರೆಮೆನ್ ಊರಿನಲ್ಲಿ ಇಬ್ಬರು ಸೇರಿ ಮಾಡಿದ್ದು. ಗಣಿ ಕಾಲದಲ್ಲಿ ನಮ್ಮ ಜಿಲ್ಲೆಯಲ್ಲಿ ಎಷ್ಟು ಲಾರಿ ಇದ್ದವು, ನಾವು ಹಾಗೆ ಒಂದಾಗಿದ್ದರೆ ಅಂತ ಅನ್ನಿಸುತ್ತದೆ. ಇರಲಿ.

ಇಲ್ಲಿಂದ ಚೆನ್ನೈಗೆ ಸುಮಾರು 500 ಕಿ.ಮೀ. ಈ ದಾರಿಯನ್ನು ಯಾರೂ ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಇನ್ಶೂರೆನ್ಸ್ ಹಡಗು ಹತ್ತಿದ ಮೇಲಿಂದ ಮಾತ್ರ ಮಾಡಿಸಿದರೆ ನಡುದಾರಿಯಲ್ಲಿ ತಾಡಪಾಲು ಹರಿದು ಮಳೆ ಬಿದ್ದದ್ದಕ್ಕೆ ಯಾರು ಕೊಡುತ್ತಾರೆ? ನಿಮ್ಮ ಗೋಡೌನ್‌ನಿಂದ ಅವರ ಗೋಡೌನ್‌ವರೆಗೆ ಮಾಡಿಸಿ. ಇ-ವೇ ಬಿಲ್ ಮರೆಯಬೇಡಿ, ರಫ್ತು ಅಂತ ಅದಕ್ಕೆ ವಿನಾಯಿತಿ ಇಲ್ಲ.

ರಾಯಚೂರು ಅಕ್ಕ:

ಎರಡೇ ಮಾತು. ಭಾರತ ಮತ್ತು ಯುಎಇ ನಡುವಿನ ಒಪ್ಪಂದ, ಸೆಪಾ ಅಂತಾರೆ, 2022ರ ಮೇ 1ರಿಂದ ಜಾರಿಯಲ್ಲಿದೆ. ಅದರ ನಿಯಮದ ಪ್ರಕಾರ ಮಾಲು ಭಾರತದ್ದೇ ಅನ್ನುವ ಸರ್ಟಿಫಿಕೇಟ್ ಆಫ್ ಒರಿಜಿನ್ ಮಾಡಿಸಿದರೆ ನಿಮ್ಮ ಖರೀದಿದಾರರಿಗೆ ಅಲ್ಲಿನ 5% ಸುಂಕ ಉಳಿಯುತ್ತದೆ. ಇದನ್ನು ಅವರಿಗೆ ಹೇಳಿ, ಫಾರ್ವರ್ಡರ್ ವಿಷಯದಲ್ಲಿ ಚೌಕಾಸಿ ಮಾಡಲು ನಿಮಗೂ ಒಂದು ಹಿಡಿ ಸಿಗುತ್ತದೆ.

ಇನ್ನೊಂದು, ವಾಶಿಂಗ್‌ನಿಂದ ಬಂದ ಪ್ಯಾಂಟ್ ಪೂರ್ತಿ ಒಣಗಿದೆಯಾ ಅಂತ ಸೊಂಟದ ಪಟ್ಟಿ, ಜೇಬಿನ ಹೊಲಿಗೆ ಮುಟ್ಟಿ ನೋಡಿ. ನಮ್ಮ ಬಿಸಿಲಿಗೆ ಎಲ್ಲ ಒಣಗಿತು ಅಂದುಕೊಳ್ಳುತ್ತೇವೆ, ದಪ್ಪ ಹೊಲಿಗೆಯಲ್ಲಿ ತೇವ ಉಳಿದಿರುತ್ತದೆ. ಸಮುದ್ರದ ಮೇಲೆ ಕಂಟೇನರ್ ಹಗಲು ಕಾಯ್ದು ರಾತ್ರಿ ತಣ್ಣಗಾಗಿ ಒಳಗೆ ನೀರು ಕೂರುತ್ತದೆ. ಬೂಷ್ಟು ಹಿಡಿದ ಪೆಟ್ಟಿಗೆ ತೆಗೆದರೆ ವಾಸನೆಗೇ ಮಾಲು ವಾಪಸ್.

ಕೌಲ್‌ಬಜಾರ್ ಜೀನ್ಸ್:

ಎಲ್ಲರಿಗೂ ತುಂಬ ಥ್ಯಾಂಕ್ಸ್. ಗಂಗಾವತಿಯವರ ಮಾತು ಓದಿ ರಾತ್ರಿ ನಿದ್ದೆ ಬರಲಿಲ್ಲ. ಖರೀದಿದಾರರ ಹತ್ತಿರ ಮಾತಾಡಿದೆ. ಫ್ರೈಟ್ ಬೆಲೆಯಲ್ಲೇ ಸೇರಿಸುತ್ತೇನೆ, ಫಾರ್ವರ್ಡರ್ ನಮ್ಮವರು, ಕಾಗದ ಬ್ಯಾಂಕ್ ಮೂಲಕ ಬರುತ್ತದೆ, ನೀವು ದುಡ್ಡು ಕಟ್ಟಿ ಬಿಡಿಸಿಕೊಳ್ಳಿ ಅಂದೆ. 5% ಸುಂಕದ ಮಾತು ಹೇಳಿದ ಮೇಲೆ ಸ್ವಲ್ಪ ಮೆತ್ತಗಾಗಿ ಒಪ್ಪಿದರು. ಈಗ ದೊಡ್ಡ ಕಂಪನಿಯೋ, ಸಣ್ಣವರೋ? ಬೆಲೆಯನ್ನು ಸಿಐಎಫ್, ಅಂದರೆ ಫ್ರೈಟ್, ಇನ್ಶೂರೆನ್ಸ್ ಎರಡೂ ಸೇರಿ ಅಂತ ಹೇಳಲಾ?

ಚೆನ್ನೈ ಸೇರಿದ ಬಳ್ಳಾರಿಯವ:

ಒಪ್ಪಿದ್ದು ಕೇಳಿ ಖುಷಿಯಾಯ್ತು ತಮ್ಮ. ಕಂಟೇನರ್ ಮಾಲಿಗೆ ಸಿಐಪಿ ಅಂತ ಬರೆಯಿರಿ, ಅದರಲ್ಲೂ ಫ್ರೈಟ್, ಇನ್ಶೂರೆನ್ಸ್ ಎರಡೂ ಸೇರಿರುತ್ತವೆ. ಇನ್‌ಕೋಟರ್ಮ್ಸ್ 2020ರಲ್ಲಿ (ಇಂಥ ಷರತ್ತುಗಳ ಅಂತರರಾಷ್ಟ್ರೀಯ ನಿಯಮ) ಸಿಐಎಫ್‌ಗೆ ಕಡಿಮೆ ರಕ್ಷಣೆಯ ಸಿ ಕ್ಲಾಜ್ ಇನ್ಶೂರೆನ್ಸ್ ಮಾಡಿಸಿದರೆ ಸಾಕು, ಅದರಲ್ಲಿ ಕಳ್ಳತನ ಸೇರುವುದಿಲ್ಲ. ಸಿಐಪಿಗೆ ಹೆಚ್ಚು ರಕ್ಷಣೆಯ ಎ ಕ್ಲಾಜ್ ಬೇಕು. ಬಟ್ಟೆಗೆ ಅದೇ ಸರಿ. ಇಸಿಜಿಸಿಯಲ್ಲೂ ಒಮ್ಮೆ ವಿಚಾರಿಸಿ, ಖರೀದಿದಾರ ದುಡ್ಡು ಕೊಡದಿದ್ದರೆ ಅಂತ ವಿಮೆ ಮಾಡುವ ಸರ್ಕಾರಿ ಸಂಸ್ಥೆ ಅದು.

ದೊಡ್ಡವರ ಲಾಭ ಏನೆಂದರೆ ಚೆನ್ನೈನಲ್ಲೂ ದುಬೈನಲ್ಲೂ ಅವರದೇ ಆಫೀಸ್ ಇರುತ್ತದೆ, ತಪ್ಪಾದರೆ ಹಿಡಿಯಲು ಒಬ್ಬರೇ. ಆದರೆ 9.6 ಕ್ಯೂಬಿಕ್ ಮೀಟರ್‌ನವರ ಫೋನ್ ಅಲ್ಲಿ ಬೇಗ ಎತ್ತುವುದಿಲ್ಲ, ಅದನ್ನೂ ನಾನು ನೋಡಿದ್ದೇನೆ. ಮೊದಲ ಲೋಡ್‌ಗೆ ನಾನಾದರೆ ಫೋನ್ ಎತ್ತುವ ಸಣ್ಣವರನ್ನೇ ಹಿಡಿಯುತ್ತೇನೆ, ಆದರೆ ಎರಡು ವಿಷಯ ನೋಡಿದ ಮೇಲೆ. 1993ರ ಮಲ್ಟಿಮೋಡಲ್ ಕಾಯ್ದೆಯಡಿ ಕೇಂದ್ರ ಸರ್ಕಾರದ ಡಿಜಿ ಶಿಪ್ಪಿಂಗ್ ಕಚೇರಿ ಕೊಡುವ ಎಂಟಿಒ (ಮಲ್ಟಿಮೋಡಲ್ ಸಾಗಣೆದಾರ) ನೋಂದಣಿ ನಂಬರ್ ಇರಬೇಕು. ಬಿಎಲ್ ಮೇಲೆ ಕ್ಯಾರಿಯರ್ ಅಂತ ಸಹಿ ಹಾಕಬೇಕು. ಸುಮ್ನೆ ಏಜೆಂಟ್ ಅಂತ ಹಾಕಿದರೆ ಆಮೇಲೆ ಜವಾಬ್ದಾರಿ ನಮ್ಮದಲ್ಲ ಅನ್ನುತ್ತಾರೆ.

ಹೌಸ್ ಬಿಎಲ್ ಡ್ರಾಫ್ಟ್ ಬಂದಾಗ ಕನ್ಸೈನಿ (ಮಾಲು ಪಡೆಯುವವರು) ಜಾಗದಲ್ಲಿ ಏನಿದೆ ಅಂತ ಮೊದಲು ನೋಡಿ. "ಟು ಆರ್ಡರ್" ಅಂತ ಇರಬೇಕು, ಆಗ ನೀವು ಬಿಎಲ್ ಹಿಂದೆ ಸಹಿ ಹಾಕಿ ಕೊಟ್ಟವರಿಗೇ ಮಾಲು. ಖರೀದಿದಾರರ ಹೆಸರು ನೇರವಾಗಿ ಅಲ್ಲಿ ಇದ್ದರೆ ಓಕೆ ಅನ್ನಬೇಡಿ, ನನಗೆ ಮೆಸೇಜ್ ಮಾಡಿ.