ಕಾಡಂಚಿನ ಊರಿಗೆ ನಿಧಿ ಕೂಡಿಸುವ ಕೆಲಸ: ಓದುಗರ ಸ್ಪಂದನ

ಬೆಂಗಳೂರಿನ ಬ್ಯಾಂಕ್ ಉದ್ಯೋಗಿ ಓದುಗರೊಬ್ಬರು ಕೇಳಿದ್ದರು: ಬಂಡೀಪುರದ ಅಂಚಿನ ಹಳ್ಳಿಗರ ಜತೆಗೂಡಿ ವನ್ಯಜೀವಿ ಸಂರಕ್ಷಣೆ ಮಾಡುವ ಟ್ರಸ್ಟೊಂದು ನಿಧಿ ಸಂಗ್ರಹದ ಮುಖ್ಯಸ್ಥೆಯಾಗಿ ಬನ್ನಿ ಎನ್ನುತ್ತಿದೆ. ಸಂಬಳ ಕಡಿಮೆ, ತಂದ ಹಣದ ಮೇಲೆ ಕಮಿಷನ್ ಉಂಟು. ಹೋಗಬಹುದೇ?

ಹೋಗಿ, ಆದರೆ ಕಮಿಷನ್ ಒಪ್ಪಬೇಡಿ. ಕಮಿಷನ್ ಇದ್ದ ಕಡೆ ಗಮನವೆಲ್ಲ ಬೇಗ ಕೈಸೇರುವ ಹಣದ ಮೇಲೆ. ಹುಲಿಯ ಫೋಟೊ ತೋರಿಸಿ ದುಡ್ಡು ತರುವುದು ಸುಲಭ. ಹಳ್ಳಿಯ ಸಭೆಗಳಿಗೆ, ಅಲ್ಲಿ ಕೆಲಸ ಮಾಡುವವರ ಸಂಬಳಕ್ಕೆ ತರುವುದು ಕಷ್ಟ. ಆ ಕಷ್ಟದ ಹಣವೇ ಟ್ರಸ್ಟಿಗೆ ಬೇಕಾದದ್ದು. ಮೇಲಾಗಿ, ತಾವು ಕೊಟ್ಟದ್ದರಲ್ಲಿ ಪಾಲು ಸಂಗ್ರಹಿಸಿದವರಿಗೆ ಹೋಯಿತೆಂದು ತಿಳಿದರೆ ದಾನಿಗಳು ಮತ್ತೆ ಕೊಡುವುದಿಲ್ಲ. ನಿಗದಿತ ಸಂಬಳ ಕೇಳಿ. ಸೇರುವ ಮೊದಲು ಮೂರು ವರ್ಷದ ಆಡಿಟ್ ವರದಿ ತರಿಸಿ ಓದಿ. ಅರ್ಧಕ್ಕಿಂತ ಹೆಚ್ಚು ಹಣ ಒಬ್ಬರೇ ದಾನಿಯಿಂದ ಬರುತ್ತಿದೆಯೇ? ಮೀಸಲು ನಿಧಿ ಎಷ್ಟು ತಿಂಗಳ ಸಂಬಳಕ್ಕಾದೀತು? ಇವಕ್ಕೆ ನೇರ ಉತ್ತರ ಸಿಗದಿದ್ದರೆ ಬ್ಯಾಂಕ್ ಕೆಲಸ ಬಿಡಬೇಡಿ.
– ಸ್ವಯಂಸೇವಾ ಸಂಸ್ಥೆಯ ಉದ್ಯೋಗಿ, ಜಯನಗರ

ಮೇಡಂ, ನಿಮಗೆ ಎದುರಾಗುವ ದೊಡ್ಡ ತೊಡಕು ಕ್ಯಾಲೆಂಡರಿನದು. ಎಷ್ಟೋ ಕಂಪನಿಗಳು ಸಿಎಸ್‌ಆರ್ ಹಣವನ್ನು (ಲಾಭದಲ್ಲಿ ಸಮಾಜದ ಕೆಲಸಕ್ಕೆಂದು ಕಾನೂನಿನಂತೆ ಖರ್ಚು ಮಾಡಬೇಕಾದ ಪಾಲು) ಜನವರಿಯಲ್ಲಿ ಮಂಜೂರು ಮಾಡಿ ಮಾರ್ಚ್ 31ರೊಳಗೆ ಖರ್ಚು ತೋರಿಸಿ ಎನ್ನುತ್ತವೆ. ಗುಂಡ್ಲುಪೇಟೆ, ಎಚ್.ಡಿ. ಕೋಟೆ ಕಡೆ ಮಳೆಯಾಶ್ರಿತ ಹೊಲಗಳು ಆಗ ಖಾಲಿ. ಅವಸರದಲ್ಲಿ ಸೋಲಾರ್ ಬೇಲಿ ಹಾಕಿ ಫಲಕ ನೆಡುತ್ತಾರೆ. ಮಳೆ ಬಿದ್ದ ಮೇಲೆ ಹುಲ್ಲು, ಬಳ್ಳಿ ಎದ್ದು ತಂತಿಗೆ ತಾಗುತ್ತವೆ; ಕರೆಂಟು ನೆಲಕ್ಕಿಳಿದು ಶಾಕ್ ಕುಂದುತ್ತದೆ. ಬ್ಯಾಟರಿ ನೋಡುವವರಿರುವುದಿಲ್ಲ. ಆನೆಗಳೋ ದಂತದಿಂದ ತಂತಿ ಹರಿಯುವುದನ್ನೂ ಕಂಬ ಉರುಳಿಸುವುದನ್ನೂ ಕಲಿತಿರುತ್ತವೆ. ರಾಗಿ ತೆನೆ ಕಟ್ಟುವ ಹೊತ್ತಿಗೆ ಬೇಲಿ ಹೆಸರಿಗಷ್ಟೇ ಉಳಿದಿರುತ್ತದೆ, ಊರಿನವರಿಗೆ ಟ್ರಸ್ಟಿನ ಮೇಲೆ ನಂಬಿಕೆ ಹೋಗಿರುತ್ತದೆ.

ಹೀಗಾಗಿ ಜುಲೈ, ಆಗಸ್ಟ್‌ನಲ್ಲೇ ಕಂಪನಿಗಳನ್ನು ಕಾಣಿ. ಬೇಲಿಯ ವೆಚ್ಚ ಬರೆದ ಪುಟದಲ್ಲೇ ನಿರ್ವಹಣೆಯನ್ನೂ ಬರೆಯಿರಿ: ಕಳೆ ಸವರುವ ಕೂಲಿ, ಬ್ಯಾಟರಿ ಬದಲಾವಣೆ, ದಿನವೂ ವೋಲ್ಟೇಜ್ ನೋಡಿ ಪುಸ್ತಕದಲ್ಲಿ ಬರೆದಿಡುವ ಊರಿನವರೊಬ್ಬರ ಸಂಬಳ. ಕಂಪನಿಯ ನಿರ್ದೇಶಕ ಮಂಡಳಿ ಇದನ್ನು ‘ಮುಂದುವರಿಯುವ ಯೋಜನೆ’ ಎಂದು ಅಂಗೀಕರಿಸಿದರೆ ಶುರುವಾದ ವರ್ಷ ಬಿಟ್ಟು ಇನ್ನೂ ಮೂರು ವರ್ಷದವರೆಗೆ ಖರ್ಚು ಮಾಡಬಹುದು. ಆ ವರ್ಷ ಉಳಿದ ಹಣವನ್ನು ಕಂಪನಿ ಮಾರ್ಚ್ ಮುಗಿದ 30 ದಿನದೊಳಗೆ ಪ್ರತ್ಯೇಕ ಖಾತೆಗೆ ಹಾಕಬೇಕು. ಈ ಒಂದು ಠರಾವು ಮಾಡಿಸುವುದು ಹತ್ತು ಹೊಸ ದಾನಿಗಳನ್ನು ಹುಡುಕುವುದಕ್ಕಿಂತ ಮೇಲು. ಬಜೆಟ್ ಬರೆಯುವ ಮುನ್ನ ಊರಿನವರನ್ನು ಕೂರಿಸಿಕೊಂಡು ಬೇಲಿಯೇ ಬೇಕೋ, ಚಿರತೆ ನುಗ್ಗದಂತೆ ಕೊಟ್ಟಿಗೆಗೆ ಮೇಲೂ ಜಾಲರಿ ಬೇಕೋ ಕೇಳಿ.
– ಕೃಷಿ ಎಂಜಿನಿಯರ್, ಹೆಬ್ಬಾಳ

ಕಾಗದಪತ್ರದ ವಿಚಾರ. ಟ್ರಸ್ಟಿನ ಆದಾಯಕ್ಕೆ ತೆರಿಗೆ ವಿನಾಯಿತಿ ಕೊಡುವ ನೋಂದಣಿ (1961ರ ಆದಾಯ ತೆರಿಗೆ ಕಾಯ್ದೆಯಲ್ಲಿ 12ಎಬಿ), ದಾನಿಗೆ ವಿನಾಯಿತಿ ಕೊಡಿಸುವ ನೋಂದಣಿ (80ಜಿ) ಊರ್ಜಿತವಿದೆಯೇ, ಕಂಪನಿಗಳ ಸಿಎಸ್‌ಆರ್ ಹಣ ಪಡೆಯಲು ಬೇಕಾದ ಸಿಎಸ್‌ಆರ್-1 ಸಂಖ್ಯೆ ಇದೆಯೇ ನೋಡಿ. ಬೆಂಗಳೂರಿನ ಸಂಬಳದಾರರನ್ನು ಕೇಳುವಾಗ 80ಜಿ ವಿನಾಯಿತಿಯನ್ನೇ ಮುಂದಿಡಬೇಡಿ. ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೆ ಅದು ಸಿಗುವುದಿಲ್ಲ. 2,000 ರೂಪಾಯಿ ಮೀರಿದ ನಗದು ದೇಣಿಗೆಗೂ ಇಲ್ಲ. ದಾನಿಯ ಪ್ಯಾನ್ ಅನ್ನು ಹಣ ಪಡೆಯುವಾಗಲೇ ಬರೆದುಕೊಳ್ಳಿ. ವರ್ಷ ಮುಗಿದ ಮೇಲೆ ಮೇ 31ರೊಳಗೆ ಇಲಾಖೆಗೆ ವಿವರ ಸಲ್ಲಿಸಬೇಕು, ಅದರಲ್ಲಿ ಪ್ಯಾನ್ ತಪ್ಪಿದರೆ ದಾನಿಗೆ ವಿನಾಯಿತಿ ತಪ್ಪುತ್ತದೆ.

ವಿದೇಶಿ ಹಣದ ಎಫ್‌ಸಿಆರ್‌ಎ ನಿಯಮ 2020ರ ತಿದ್ದುಪಡಿಯ ನಂತರ ಬಿಗಿಯಾಗಿದೆ. ಆಡಳಿತ ವೆಚ್ಚ ಶೇ 20 ಮೀರುವಂತಿಲ್ಲ. ಬಂದ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಅಂದರೆ ಊರಿನ ಸಂಘಕ್ಕೆ ಕೊಡುತ್ತೇವೆಂದು ಪ್ರಸ್ತಾವದಲ್ಲಿ ಬರೆದರೆ ಅಲ್ಲಿಗೇ ತಪ್ಪು. ಟ್ರಸ್ಟೇ ನೇರವಾಗಿ ಖರ್ಚು ಮಾಡಬೇಕು.
– ಲೆಕ್ಕಪರಿಶೋಧಕರು, ಮಲ್ಲೇಶ್ವರ

ಒಬ್ಬೊಬ್ಬರಾಗಿ ಕೊಡುವ ದಾನಿಗಳಿಗೆ ಒಂದು ಒಳ್ಳೆಯ ಮಾದರಿ ಅರುಣಾಚಲದ ‘ಪಕ್ಕೆ’ ಹುಲಿ ಸಂರಕ್ಷಿತ ಪ್ರದೇಶದಲ್ಲಿದೆ. 2011ರಲ್ಲಿ ಶುರುವಾದ ಮಂಗಟ್ಟೆ ಗೂಡು ದತ್ತು ಯೋಜನೆಯಲ್ಲಿ ದೂರದ ಊರಿನವರು ಕೊಡುವ ಹಣದಿಂದ ನಿಶಿ ಸಮುದಾಯದ ಗೂಡು ಕಾವಲುಗಾರರಿಗೆ ಸಂಬಳ ಸಿಗುತ್ತದೆ. ತಮ್ಮ ಗೂಡಿನಲ್ಲಿ ಏನಾಯಿತೆಂದು ದಾನಿಗೆ ವರದಿ ಬರುತ್ತದೆ. ನಿಮ್ಮಲ್ಲೂ ಸಂಬಳವನ್ನೇ ದಾನದ ವಸ್ತುವಾಗಿಸಬಹುದು: ಒಬ್ಬ ಬೇಲಿ ಕಾವಲುಗಾರನ ಒಂದು ಹಂಗಾಮು. ಬೆಳೆ ಹೋದ ವರ್ಷದ ಸುದ್ದಿಯನ್ನೂ ಬರೆದು ಕಳಿಸಿ. ಕ್ಯಾಮೆರಾ ಟ್ರ್ಯಾಪ್ (ಪ್ರಾಣಿ ಸುಳಿದಾಗ ತಾನೇ ಫೋಟೊ ತೆಗೆಯುವ ಕ್ಯಾಮೆರಾ) ಚಿತ್ರ ಹಂಚುವ ಮೊದಲು ಜಾಗದ ವಿವರ ಅಳಿಸಿ, ಅದು ಬೇಟೆಗಾರರ ಕಣ್ಣಿಗೆ ಬೀಳಬಾರದು. ಆನೆ ತುಳಿದು ಸತ್ತವರ ಮನೆಯವರ ಫೋಟೊವನ್ನಂತೂ ದೇಣಿಗೆ ಕೇಳಲು ಬಳಸಲೇಬೇಡಿ.
– ಪಕ್ಷಿ ವೀಕ್ಷಕಿ, ಬಸವನಗುಡಿ